ಸವಾರ ಕಲಿಯಬೇಕಾದ ಭಾಷೆ

ಮಾತನಾಡಬಲ್ಲವರೆಲ್ಲರೂ ತಿಳಿಯಹೇಳಬಲ್ಲವರಲ್ಲ. ನಾಲಿಗೆಯನ್ನು ಹೊರಳಿಸುವುದನ್ನು ನಾವು ತಾಯಿಯ ಮಡಿಲಲ್ಲಿಯೇ ಕಲಿಯುತ್ತೇವೆ. ಆದರೆ ನಾವು ಹೇಳಿದ್ದು ಎದುರಿನವರ ಮನಸ್ಸನ್ನು ಯಾವ ರೂಪದಲ್ಲಿ ಮುಟ್ಟಿತು ಎಂದು ವಿಚಾರಿಸುವ ಅಭ್ಯಾಸ ಬಹಳ ಮಂದಿಗೆ ಮುಪ್ಪಿನವರೆಗೂ ಬರುವುದಿಲ್ಲ. ಎದುರಿನವರಿಗೆ ತಿಳಿಯದಿದ್ದರೆ ಅದೇ ಮಾತನ್ನು ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇವೆ. ಆಗಲೂ ತಿಳಿಯದಿದ್ದರೆ ಅವರನ್ನು ದಡ್ಡರೆಂದು ಕರೆಯುತ್ತೇವೆ. ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ಕನ್ನಡ ಕಲಿಸಿದ ನಾನು ಈ ದೋಷದಿಂದ ಮುಕ್ತನಾಗಿರಲಿಲ್ಲ. ಅದನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ಯಾವ ಶಿಕ್ಷಣಶಾಸ್ತ್ರದ ಗ್ರಂಥವೂ ಅಲ್ಲ. ಮುಧೋಳದ ಒಂದು ಮುದಿ ಕುದುರೆ.

ಮುಧೋಳವೆಂದೊಡನೆ ಅನೇಕರಿಗೆ ಬೇಟೆನಾಯಿಗಳಿಗೆ ಹೆಸರಾದ, ಬಾಗಲಕೋಟೆ ಜಿಲ್ಲೆಯ ಮುಧೋಳ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳವನ್ನು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯಲ್ಲಿ ಒಬ್ಬನೇ ಮನುಷ್ಯ ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಕಚೇರಿಯ ಬಾಗಿಲಲ್ಲಿ ಉರ್ದುವನ್ನೂ ಆಡುವುದು ಸಾಮಾನ್ಯ. ಊರ ಹೊರಗಿನ ತಾಂಡಾಗಳಲ್ಲಿ ಲಂಬಾಣಿ ಮಾತು ಕೇಳಿಬರುತ್ತದೆ. ಇಷ್ಟೆಲ್ಲ ಭಾಷೆಗಳ ನಡುವೆ ಬಾಳುವವರು ಮಾತಿಗಿಂತ ಮುಖವನ್ನು ಓದುವುದರಲ್ಲಿ ಜಾಣರಾಗಿರುತ್ತಾರೆ. ಆದರೆ ಹೊರಗಿನಿಂದ ಬಂದ ಹೊಸ ಮಾಸ್ತರನಾದ ನನಗೆ ಆ ಜಾಣ್ಮೆ ಇರಲಿಲ್ಲ.

1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲು ಓಡಲಾರಂಭಿಸಿದ ಮೇಲೆ ಚಿತ್ತಾಪುರ, ಸೇಡಂ ಮೊದಲಾದ ಊರುಗಳಿಗೆ ನಿಲ್ದಾಣಗಳು ಬಂದವು. ನಿಲ್ದಾಣವಿದ್ದಲ್ಲಿ ಟಾಂಗಾಗಳೂ ಬಂದವು. ಆಟೋರಿಕ್ಷಾಗಳು ಹೆಚ್ಚಿದಂತೆ ಅವು ಒಂದೊಂದಾಗಿ ಮರೆಯಾದವು. ಹಾಗೆ ಟಾಂಗಾ ಮಾರಿ, ಕುದುರೆಯನ್ನು ಮಾತ್ರ ಉಳಿಸಿಕೊಂಡು ಮುಧೋಳಕ್ಕೆ ಮರಳಿದ್ದ ಒಬ್ಬ ಮುದುಕರು ನನ್ನ ಬಾಡಿಗೆ ಮನೆಯ ಓಣಿಯಲ್ಲಿದ್ದರು. ಊರವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆನು. ಅವರ ತಂದೆ ನಿಜಾಮರ ಕುದುರೆ ದಂಡಿನಲ್ಲಿ ಸವಾರರಾಗಿದ್ದರಂತೆ. ಮದುವೆಯ ಮೆರವಣಿಗೆಗಳಿಗೆ ಕುದುರೆಯನ್ನು ಕೊಡುವುದು ಚಾಚಾನ ಕಡೆಗಾಲದ ಜೀವನೋಪಾಯವಾಗಿತ್ತು. ಕಂದು ಬಣ್ಣದ ಆ ಹೆಣ್ಣುಗುದುರೆಯ ಹೆಸರು ರಾಣಿ.

1980ರ ದಶಕದ ಕೊನೆಯ ವರ್ಷಗಳ ಮಾತಿದು. ಆ ವರ್ಷದ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಮಾನ್ಯಖೇಟದ ದೊರೆ ಅಮೋಘವರ್ಷ ನೃಪತುಂಗನು ಕುದುರೆಯೇರಿ ಬರಬೇಕೆಂದು ಊರಿನ ಹಿರಿಯರು ನಿಶ್ಚಯಿಸಿದರು. ಕನ್ನಡ ಎಂ.ಎ. ಮಾಡಿದ್ದೇನೆಂಬ ಒಂದೇ ಅರ್ಹತೆಯ ಮೇಲೆ ನೃಪತುಂಗನ ವೇಷ ನನ್ನ ಪಾಲಿಗೆ ಬಂದಿತು. ನನಗೆ ಕುದುರೆಯ ಬೆನ್ನು ಯಾವ ಕಡೆಗಿದೆ ಎಂಬುದಷ್ಟೇ ಗೊತ್ತಿತ್ತು. ಒಂದು ತಿಂಗಳ ಮಟ್ಟಿಗೆ ಸವಾರಿ ಕಲಿಸಬೇಕೆಂದು ಚಾಚಾನನ್ನು ಕೇಳಿಕೊಂಡೆನು.

ಮೊದಲ ದಿನದ ಪಾಠ ನನ್ನ ಮಾನ ಕಳೆಯಿತು. ಏರಿ ಕುಳಿತವನು ಹಿಮ್ಮಡಿಯಿಂದ ರಾಣಿಯ ಹೊಟ್ಟೆಯನ್ನು ತಿವಿದೆನು. ಅದು ಹೆಜ್ಜೆಯಿಟ್ಟಿತು. ಬೀಳುವೆನೆಂಬ ಭಯದಿಂದ ಲಗಾಮನ್ನು ಎರಡೂ ಕೈಗಳಿಂದ ಎದೆಯವರೆಗೆ ಜಗ್ಗಿದೆನು. ಅದು ನಿಂತಿತು. ಮತ್ತೆ ತಿವಿದೆನು, ಮತ್ತೆ ಜಗ್ಗಿದೆನು. ರಾಣಿ ತಲೆಯನ್ನು ಮೇಲಕ್ಕೆಸೆದು, ಹಿಂದಕ್ಕೆ ಸರಿದು, ಕೊನೆಗೆ ಬೇವಿನ ಮರದ ನೆರಳಿಗೆ ಹೋಗಿ ನಿಂತುಬಿಟ್ಟಿತು. ಓಣಿಯ ಮಕ್ಕಳು ನಕ್ಕರು. ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ನನಗೆ ಸಿಟ್ಟು ಬಂದಿತು. ಮರದಿಂದ ಒಂದು ಬರಲು ಮುರಿದು ಅದರ ಚಪ್ಪೆಯ ಮೇಲೆ ಬಾರಿಸಿದೆನು.

ಚಾಚಾ ಬಂದು ನನ್ನ ಕೈಯಿಂದ ಬರಲನ್ನು ಮೆಲ್ಲಗೆ ತೆಗೆದುಕೊಂಡರು. ಬೈಯಲಿಲ್ಲ. "ಮಾಸ್ತರ್ರೇ, ನೀವು ಹಿಮ್ಮಡಿಲೆ ನಡಿ ಅಂತೀರಿ, ಕೈಲೆ ನಿಂದ್ರು ಅಂತೀರಿ. ಮೂಕ ಜೀವ ಯಾವ ಮಾತು ಕೇಳಬೇಕ್ರಿ? ಎರಡೂ ಕೇಳಿ ಎರಡಕ್ಕೂ ಹೊಡತ ತಿಂದ್ರ, ನಾಳಿಂದ ನಿಮ್ಮ ಮಾತ ಕೇಳೂದು ಬಿಡ್ತದ್ರಿ" ಎಂದರು.

ಸವಾರಿ ವಿದ್ಯೆಯ ಸಾರವೆಲ್ಲ ಈ ಎರಡು ಮೂರು ಮಾತುಗಳಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸವಾರಿಯ ಪಾಠವೆಂದರೆ ಕುದುರೆಯನ್ನು ಬಗ್ಗಿಸುವ ಉಪಾಯವೆಂದು ಅನೇಕರು ಭಾವಿಸಿದ್ದಾರೆ. ನಿಜವಾಗಿ ಅದು ಸವಾರನು ತನ್ನ ಮಾತನ್ನು ತಿದ್ದಿಕೊಳ್ಳುವ ಪಾಠ. ಪಳಗಿದ ಕುದುರೆಗೆ ಹೇಳಿದ್ದು ತಿಳಿಯದಿದ್ದಾಗ ಹತ್ತರಲ್ಲಿ ಒಂಬತ್ತು ಸಲ ತಪ್ಪು ಕುದುರೆಯದಲ್ಲ, ಹೇಳಿದವನದು. ಉಳಿದ ಒಂದು ಸಲ ಅದಕ್ಕೆ ನೋವಿರಬಹುದು, ಭಯವಿರಬಹುದು. ಆಗಲೂ ಅದನ್ನು ಕಂಡುಕೊಳ್ಳಬೇಕಾದವನು ಸವಾರನೇ.

ಹೀಗೇಕೆಂದು ತಿಳಿಯಲು ಕುದುರೆಯ ಸ್ವಭಾವವನ್ನೂ ದೇಹರಚನೆಯನ್ನೂ ಸ್ವಲ್ಪ ಅರಿಯಬೇಕು. ಕುದುರೆ ಹುಲ್ಲು ಮೇಯುವ, ಹಿಂಡಿನಲ್ಲಿ ಬಾಳುವ, ಹಿಂಸ್ರಪಶುಗಳ ಬೇಟೆಗೆ ಈಡಾಗುವ ಪ್ರಾಣಿ. ಬಯಲಿನಲ್ಲಿ ಉಳಿದುಕೊಳ್ಳಲು ಅದಕ್ಕೆ ಮುಖ್ಯವಾಗಿ ಇದ್ದ ದಾರಿ ಎಂದರೆ ಅಪಾಯವನ್ನು ಬೇಗನೆ ಗ್ರಹಿಸುವುದು, ಗ್ರಹಿಸಿದೊಡನೆ ಓಡುವುದು. ಹಿಂಡಿನಲ್ಲಿ ಒಂದು ತಲೆಯೆತ್ತಿ ಕಿವಿ ನೆಟ್ಟಗೆ ಮಾಡಿದರೆ ಸಾಕು, ಉಳಿದವೆಲ್ಲ ತಲೆಯೆತ್ತುತ್ತವೆ. ಅಲ್ಲಿ ಕೂಗಿ ಹೇಳುವ ಅಗತ್ಯವಿಲ್ಲ. ಒಂದರ ಮೈಯ ಬಿಗಿತವೇ ಇನ್ನೊಂದಕ್ಕೆ ಸಂದೇಶ. ಇಂಥ ಪ್ರಾಣಿಯ ಬೆನ್ನೇರಿದವನು ತಾನು ಬಾಯಿ ಬಿಡದಿದ್ದರೂ ಅದರೊಡನೆ ಮಾತನಾಡುತ್ತಲೇ ಇರುತ್ತಾನೆ. ಅವನ ಹೆದರಿಕೆ ತೊಡೆಗಳ ಬಿಗಿತವಾಗಿ, ಸಿಟ್ಟು ಕೈಯ ಜಗ್ಗಾಟವಾಗಿ, ಅನುಮಾನ ಹಿಡಿದ ಉಸಿರಾಗಿ ಕುದುರೆಯನ್ನು ಮುಟ್ಟುತ್ತದೆ.

ಕುದುರೆಯ ಕಣ್ಣು ನೆಲದ ಮೇಲೆ ಬಾಳುವ ಸಸ್ತನಿಗಳಲ್ಲಿಯೇ ಅತಿ ದೊಡ್ಡ ಕಣ್ಣುಗಳಲ್ಲಿ ಒಂದು. ಅದು ತಲೆಯ ಪಕ್ಕದಲ್ಲಿರುವುದರಿಂದ ಕುದುರೆ ತನ್ನ ಸುತ್ತ ಹೆಚ್ಚುಕಡಿಮೆ 350 ಅಂಶಗಳಷ್ಟು ನೋಡಬಲ್ಲದು. ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಅದಕ್ಕೆ ಕಾಣದ ಕಿರಿದಾದ ಜಾಗಗಳಿವೆ. ಆ ಕುರುಡು ಜಾಗದಿಂದ ಸದ್ದಿಲ್ಲದೆ ಬಂದವನನ್ನು ಅದು ಒದೆಯುವುದು ಸೊಕ್ಕಿನಿಂದಲ್ಲ, ಬೆದರಿ. ಅದರ ಕಿವಿಗಳು ಒಂದರ ಹಂಗಿಲ್ಲದೆ ಇನ್ನೊಂದು ಅರ್ಧಸುತ್ತು ತಿರುಗಬಲ್ಲವು. ಒಂದು ಕಿವಿ ದಾರಿಯ ಕಡೆಗೂ ಇನ್ನೊಂದು ಸವಾರನ ಕಡೆಗೂ ಇದ್ದರೆ ಅದು ಎರಡನ್ನೂ ಗಮನಿಸುತ್ತಿದೆಯೆಂದು ಅರ್ಥ. ಎರಡೂ ಕಿವಿಗಳನ್ನು ಹಿಂದಕ್ಕೆ ಒತ್ತಿ ಮಲಗಿಸಿದರೆ ಅದು ಎಚ್ಚರಿಕೆ. ಚರ್ಮವಂತೂ ಒಂದು ನೊಣ ಕುಳಿತರೂ ಅದೇ ಜಾಗದಲ್ಲಿ ಥಟ್ಟನೆ ಅದುರುವಷ್ಟು ಸೂಕ್ಷ್ಮ. ನೊಣದ ಭಾರವನ್ನು ಅರಿಯುವ ಮೈಗೆ ಹಿಮ್ಮಡಿಯ ತಿವಿತ ಎಷ್ಟು ದೊಡ್ಡ ಕೂಗಾಗಿ ಕೇಳಿಸಬಹುದೆಂಬುದನ್ನು ನೀವೇ ಊಹಿಸಿರಿ.

ಚಾಚಾ ಮರುದಿನದಿಂದ ನನ್ನನ್ನು ಕುದುರೆಯ ಮೇಲೆ ಕೂರಿಸಲೇ ಇಲ್ಲ. ಒಂದು ವಾರ ಅದರ ಮೈ ಉಜ್ಜಿಸಿದರು, ಗೊರಸು ಎತ್ತಿಸಿ ಮಣ್ಣು ತೆಗೆಸಿದರು, ನೆನೆಸಿದ ಹುರುಳಿಯನ್ನು ತಿನ್ನಿಸಿದರು. ಹತ್ತಿರ ಹೋಗುವಾಗ ಹೆಗಲಿನ ಕಡೆಯಿಂದ, ಮೊದಲು ದನಿ ಕೊಟ್ಟು ಹೋಗಬೇಕು. ತಿನ್ನಿಸುವಾಗ ಬೆರಳು ಮಡಿಸದೆ ಅಂಗೈಯನ್ನು ಚಪ್ಪಟೆಯಾಗಿ ಚಾಚಬೇಕು. ಅದು ಮೂಸಿ ನೋಡುವವರೆಗೆ ಕಾಯಬೇಕು. ಪರಿಚಯವಿಲ್ಲದವರ ಮನೆಗೆ ಹೋದಾಗ ನಾವು ಪಾಲಿಸುವ ಮರ್ಯಾದೆಯೇ ಇದು. ಬಳಿಕ ಉದ್ದನೆಯ ಹಗ್ಗವನ್ನು ತಾವು ಹಿಡಿದು, ಲಗಾಮನ್ನು ನನ್ನ ಕೈಗೆ ಕೊಡದೆ, ನನ್ನ ಕೈಗಳನ್ನು ಸೊಂಟದ ಮೇಲೆ ಇರಿಸಿ ಸುತ್ತು ಹಾಕಿಸಿದರು. ದೊಡ್ಡ ಸವಾರಿ ಶಾಲೆಗಳಲ್ಲಿಯೂ ಹೊಸಬರಿಗೆ ಇದೇ ರೀತಿ ಹಗ್ಗದ ಮೇಲೆ ಪಾಠ ಮಾಡುತ್ತಾರೆಂದು ಆಮೇಲೆ ತಿಳಿದೆನು. ಇದರ ಕಾರಣ ಸರಳ. ತನ್ನ ಮೈಯನ್ನು ತಾನು ಸಮತೋಲದಲ್ಲಿ ಇಟ್ಟುಕೊಳ್ಳಲಾರದವನು ಲಗಾಮಿಗೆ ಜೋತು ಬೀಳುತ್ತಾನೆ. ಲಗಾಮಿನ ತುದಿಯ ಕಡಿವಾಣ ಕುದುರೆಯ ಬಾಯಲ್ಲಿ, ಹಲ್ಲಿಲ್ಲದ ಎಳೆಯ ವಸಡಿನ ಜಾಗದಲ್ಲಿ, ನಾಲಿಗೆಯ ಮೇಲೆ ಕುಳಿತಿರುತ್ತದೆ. ಸವಾರನಿಗೆ ಅದು ಹಿಡಿಕೆ; ಕುದುರೆಗೆ ಅದು ನೋವು.

ಲಗಾಮಿಲ್ಲದೆ ಕುಳಿತಾಗಲೇ ಕುದುರೆಯ ನಡೆ ನನಗೆ ಮೊದಲ ಬಾರಿ ತಿಳಿಯಿತು. ಹೆಜ್ಜೆಯ ನಡಿಗೆಯಲ್ಲಿ ನಾಲ್ಕು ಗೊರಸುಗಳು ನಾಲ್ಕು ಬೇರೆ ಬೇರೆ ಪೆಟ್ಟುಗಳಾಗಿ ನೆಲ ಮುಟ್ಟುತ್ತವೆ. ಕುಕ್ಕುಲೋಟದಲ್ಲಿ ಮೂಲೆಯಿಂದ ಮೂಲೆಗೆ ಎರಡೆರಡು ಕಾಲುಗಳು ಒಟ್ಟಿಗೆ ಬೀಳುವುದರಿಂದ ಎರಡೇ ಪೆಟ್ಟು ಕೇಳುತ್ತದೆ. ಅದಕ್ಕಿಂತ ಬಿರುಸಾದ, ಆದರೆ ನಾಗಾಲೋಟಕ್ಕೆ ಮುಟ್ಟದ ಹದವಾದ ಓಟದಲ್ಲಿ ಮೂರು ಪೆಟ್ಟು. ಓಣಿಯ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಈ ಲಯಗಳು ಸ್ಪಷ್ಟವಾಗಿ ಕೇಳುತ್ತಿದ್ದವು. ಮಾತ್ರೆ ಎಣಿಸಿ ಛಂದಸ್ಸು ಕಲಿಸುತ್ತಿದ್ದ ನನಗೆ ಆ ಲಯವನ್ನು ಸೊಂಟದಲ್ಲಿ ಹಿಡಿಯಲು ಹತ್ತು ದಿನ ಬೇಕಾದವು. ಇನ್ನೊಬ್ಬರ ಲಯವನ್ನು ಕೇಳಿಸಿಕೊಳ್ಳದೆ ಅವರೊಡನೆ ಮಾತಿಗೆ ತೊಡಗುವುದು ಹಾಡಿನ ನಡುವೆ ತಪ್ಪು ತಾಳ ಹಾಕಿದಂತೆ.

ಆಮೇಲೆ ಲಗಾಮು ಕೈಗೆ ಬಂದಿತು. ಸವಾರನಿಗೆ ಇರುವ ಸಾಧನಗಳು ಕೆಲವೇ: ಕಾಲು, ಆಸನ, ಕೈ, ಅಗತ್ಯವಿದ್ದಲ್ಲಿ ದನಿ. ಈ ಸಾಧನಗಳಿಂದ ಮಾತು ಹುಟ್ಟುವ ಬಗೆ ವಿಚಿತ್ರವಾದದ್ದು. ಮೀನಖಂಡದಿಂದ ಕುದುರೆಯ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತೇವೆ. ಅದು ಒಂದು ಹೆಜ್ಜೆ ಮುಂದಿಡುತ್ತದೆ. ಆ ಕ್ಷಣದಲ್ಲಿಯೇ ಒತ್ತುವುದನ್ನು ನಿಲ್ಲಿಸಬೇಕು. ಕುದುರೆ ಕಲಿಯುವುದು ಒತ್ತಿದ್ದರಿಂದಲ್ಲ, ಬಿಟ್ಟದ್ದರಿಂದ. ಒತ್ತುವುದು ಪ್ರಶ್ನೆ, ಬಿಡುವುದು 'ನೀನು ಹೇಳಿದ್ದು ಸರಿ' ಎಂಬ ಉತ್ತರ. ಬಿಡುವುದು ಒಂದೆರಡು ಗಳಿಗೆ ತಡವಾದರೂ ಯಾವ ಕೆಲಸಕ್ಕೆ ಆ ಮೆಚ್ಚುಗೆ ಸಂದಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಬಿಡದೆ ಒತ್ತುತ್ತಲೇ ಇದ್ದರೆ ಆ ಒತ್ತಡ ಅದಕ್ಕೆ ಅರ್ಥವಿಲ್ಲದ ಗದ್ದಲವಾಗುತ್ತದೆ. ಕ್ರಮೇಣ ಅದು ಲಕ್ಷ್ಯ ಕೊಡುವುದನ್ನೇ ಬಿಡುತ್ತದೆ. ಜನ ಅಂಥ ಕುದುರೆಯನ್ನು ಮೊಂಡು ಎನ್ನುತ್ತಾರೆ. ಮೊಂಡುತನ ಹುಟ್ಟುಗುಣವಲ್ಲ, ಅನೇಕ ವೇಳೆ ಅದು ಕೆಟ್ಟ ಮೇಷ್ಟರ ಕೈಬರಹ.

ಇನ್ನೊಂದು ನಿಯಮವೂ ಇದೆ. ಮೊದಲು ಪಿಸುಮಾತಿನಿಂದ ಕೇಳಬೇಕು. ಉತ್ತರ ಬಾರದಿದ್ದರೆ ಮಾತ್ರ ದನಿಯನ್ನು ಸ್ವಲ್ಪ ಏರಿಸಬೇಕು. ಉತ್ತರ ಬಂದೊಡನೆ ಮತ್ತೆ ಪಿಸುಮಾತಿಗೆ ಇಳಿಯಬೇಕು. ದಿನಕಳೆದಂತೆ ಸವಾರನ ಸಂಜ್ಞೆ ಚಿಕ್ಕದಾಗುತ್ತ ಹೋಗಬೇಕೇ ಹೊರತು ದೊಡ್ಡದಾಗಬಾರದು. ಯಾರ ಸಂಜ್ಞೆ ವರ್ಷವರ್ಷಕ್ಕೂ ದೊಡ್ಡದಾಗುತ್ತದೆಯೋ ಅವನು ಸವಾರಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದಾನೆ ಎಂದು ತಿಳಿಯಬೇಕು. ತರಗತಿಯಲ್ಲಿ ಬೆತ್ತದ ಉದ್ದವನ್ನು ಹೆಚ್ಚಿಸುತ್ತ ಹೋಗುವ ಉಪಾಧ್ಯಾಯನಿಗೂ ಈ ಮಾತು ಸಲ್ಲುತ್ತದೆ.

ಕುದುರೆ ಮನುಷ್ಯನನ್ನು ಎಷ್ಟು ಸೂಕ್ಷ್ಮವಾಗಿ ಓದಬಲ್ಲದೆಂಬುದಕ್ಕೆ ಜರ್ಮನಿಯ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತದ ಉಪಾಧ್ಯಾಯರು ಹಾನ್ಸ್ ಎಂಬ ಕುದುರೆಗೆ ಲೆಕ್ಕ ಕಲಿಸಿದ್ದೇನೆಂದು ತೋರಿಸುತ್ತಿದ್ದರು. ಪ್ರಶ್ನೆ ಕೇಳಿದರೆ ಹಾನ್ಸ್ ಗೊರಸಿನಿಂದ ನೆಲವನ್ನು ಅಷ್ಟು ಸಲ ತಟ್ಟಿ ಉತ್ತರ ಕೊಡುತ್ತಿತ್ತು. 1904ರಲ್ಲಿ ಪರೀಕ್ಷಿಸಿದ ತಜ್ಞರ ಮಂಡಲಿಗೆ ಯಾವ ಮೋಸವೂ ಕಾಣಲಿಲ್ಲ. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕರು ಇನ್ನೂ ಆಳವಾಗಿ ಪರೀಕ್ಷಿಸಿ 1907ರಲ್ಲಿ ಗುಟ್ಟನ್ನು ಹೊರಗೆಡವಿದರು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಅವನು ಕಣ್ಣಿಗೆ ಕಾಣದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆ, ಮುಖ, ಮೈ ತನಗರಿವಿಲ್ಲದಂತೆ ಕೂದಲೆಳೆಯಷ್ಟು ಕದಲುತ್ತಿತ್ತು. ಕುದುರೆ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು.

ಈ ಕಥೆಯನ್ನು ಹೇಳಿ ಅನೇಕರು ಹಾನ್ಸನಿಗೆ ಲೆಕ್ಕ ಬಾರದೆಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಎಷ್ಟೋ ಪಂಡಿತರು ಕಾಣಲಾರದೆ ಹೋದದ್ದನ್ನು ಆ ಕುದುರೆ ಕಂಡಿತ್ತು. ಗುರುವು ತಾನು ಗಣಿತ ಕಲಿಸುತ್ತಿದ್ದೇನೆಂದು ಭಾವಿಸಿದ್ದರು. ಶಿಷ್ಯ ಕಲಿತದ್ದು ಗುರುವಿನ ಮುಖವನ್ನು. ಇದರಲ್ಲಿ ಎರಡು ಎಚ್ಚರಿಕೆಗಳಿವೆ. ನಾವು ಹೇಳಬೇಕೆಂದು ಹೇಳಿದ್ದನ್ನಷ್ಟೇ ಅಲ್ಲ, ಹೇಳದೆ ಬಿಟ್ಟದ್ದನ್ನೂ ಎದುರಿನ ಜೀವ ಕೇಳಿಸಿಕೊಳ್ಳುತ್ತದೆ ಎಂಬುದು ಒಂದು. ನಮ್ಮ ಆಸೆಯನ್ನು ಪ್ರಾಣಿಯ ಬುದ್ಧಿಯೆಂದು ತಪ್ಪಾಗಿ ತಿಳಿಯಬಾರದು ಎಂಬುದು ಇನ್ನೊಂದು. ರಾಣಿಗೆ ಕನ್ನಡ, ಉರ್ದು, ತೆಲುಗು ಮೂರೂ ಬರುತ್ತದೆಂದು ಓಣಿಯವರು ಹೆಮ್ಮೆಪಡುತ್ತಿದ್ದರು. ಅದಕ್ಕೆ ಬರುತ್ತಿದ್ದದ್ದು ಮೂರು ಭಾಷೆಗಳಲ್ಲ. ಮೂರೂ ಭಾಷೆಗಳ ಹಿಂದಿರುವ ದನಿ, ಉಸಿರು, ನಿಲುವು ಎಂಬ ಒಂದೇ ಭಾಷೆ.

ಈ ತಿಳಿವಳಿಕೆ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಸಿನ ಕ್ಸೆನೊಫನ್ ಸವಾರಿಯ ಬಗ್ಗೆ ಗ್ರಂಥ ಬರೆದು, ಕುದುರೆಯನ್ನು ಸಿಟ್ಟಿನಲ್ಲಿ ನಡೆಸಿಕೊಳ್ಳಬಾರದೆಂದು ಬೋಧಿಸಿದನು. ನಮ್ಮ ನಾಡಿನಲ್ಲಿ, ಇದೇ ಸೀಮೆಗೆ ದೂರವಲ್ಲದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರವೂ ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟವೂ ಬಂದಿವೆ. ಕನ್ನಡದಲ್ಲಿಯೇ ಅಭಿನವಚಂದ್ರನ ಅಶ್ವವೈದ್ಯ, ಪದ್ಮಣಪಂಡಿತನ 'ಹಯಸಾರಸಮುಚ್ಚಯ' ಮೊದಲಾದ ಶಾಸ್ತ್ರಗ್ರಂಥಗಳಿವೆ. ಕುದುರೆಯನ್ನು ಕೇವಲ ವಾಹನವೆಂದು ಬಗೆದಿದ್ದರೆ ಅದಕ್ಕಾಗಿ ಇಷ್ಟು ಓಲೆಗರಿಗಳನ್ನು ಯಾರೂ ಸವೆಸುತ್ತಿರಲಿಲ್ಲ.

ಇಂದಿನ ಕಾಲಕ್ಕೆ ಬರೋಣ. ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯಲ್ಲಿ ಕುದುರೆ ಸಂಗೀತಕ್ಕೆ ಹೆಜ್ಜೆ ಹಾಕುವಂತೆ ಕ್ರಮಬದ್ಧವಾಗಿ ನಡೆಯುತ್ತದೆ, ಓಡುತ್ತದೆ, ಹೊರಳುತ್ತದೆ. ಅಲ್ಲಿ ಸವಾರನು ಬಾಯಿಂದ ಸದ್ದು ಮಾಡಿದರೆ ಅಂಕ ಕಳೆಯುತ್ತಾರೆ. ಸಂಜ್ಞೆ ನೋಡುವವರ ಕಣ್ಣಿಗೆ ಬೀಳದಷ್ಟು ಅದರ ಸೊಗಸು ಹೆಚ್ಚು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಈ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿತು. ಬೆಂಗಳೂರಿನ ಫವಾದ್ ಮಿರ್ಜಾ ಅವರ ಸಾಧನೆಯೂ ಸ್ಮರಣೀಯ. ಪಶುವೈದ್ಯರ ಮಗನಾದ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಡನೆ ವೈಯಕ್ತಿಕ ಬೆಳ್ಳಿ ಪದಕ ಪಡೆದರು. ತಂಡಕ್ಕೂ ಬೆಳ್ಳಿ ದೊರೆಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅದೇ ಕುದುರೆಯೊಡನೆ ಅಂತಿಮ ಸುತ್ತನ್ನು ತಲಪಿ 23ನೆಯ ಸ್ಥಾನ ಗಳಿಸಿದರು. ಅವರು ಸ್ಪರ್ಧಿಸುವ ವಿಭಾಗದಲ್ಲಿ ಡ್ರೆಸಾಜ್, ಬಯಲಿನಲ್ಲಿ ಅಡೆತಡೆಗಳನ್ನು ದಾಟುವ ದೀರ್ಘ ಓಟ, ಅಂಗಳದಲ್ಲಿ ಬೇಲಿಗಳನ್ನು ಹಾರುವುದು ಎಂಬ ಮೂರು ಪರೀಕ್ಷೆಗಳಿವೆ. ಒಂದರಲ್ಲಿ ಶಾಂತಿ, ಇನ್ನೊಂದರಲ್ಲಿ ಧೈರ್ಯ, ಮತ್ತೊಂದರಲ್ಲಿ ನಿಖರತೆ. ಕುದುರೆಗೆ ಸವಾರನಲ್ಲಿ ನಂಬಿಕೆಯಿಲ್ಲದಿದ್ದರೆ ಮೂರೂ ಕೂಡಿಬರಲಾರವು. ಇನ್ನೂ ಒಂದು ವಿಶೇಷವೆಂದರೆ ಈ ಸ್ಪರ್ಧೆಗಳಲ್ಲಿ ಪುರುಷರೂ ಮಹಿಳೆಯರೂ ಒಂದೇ ಕಣದಲ್ಲಿ ಸರಿಸಮನಾಗಿ ಸ್ಪರ್ಧಿಸುತ್ತಾರೆ. ತೋಳ್ಬಲವೇ ಮುಖ್ಯವಾಗಿದ್ದರೆ ಇದು ಸಾಧ್ಯವಿತ್ತೇ?

ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನು ದಸರೆಯ ಮೆರವಣಿಗೆಯಲ್ಲಿ ನೀವು ನೋಡಿರಬಹುದು. ಲಕ್ಷಾಂತರ ಜನರ ಗದ್ದಲದ ನಡುವೆ ಅವು ಸಾಲು ತಪ್ಪದೆ ನಡೆಯುತ್ತವೆ. ಪ್ರತಿವರ್ಷವೂ ಹಬ್ಬಕ್ಕೆ ಮುಂಚೆ ಆನೆಗಳ ಜೊತೆಗೆ ಕುದುರೆಗಳನ್ನೂ ನಿಲ್ಲಿಸಿ, ಫಿರಂಗಿಯ ಸದ್ದಿಗೆ ಹೊಂದಿಕೊಳ್ಳುವಂತೆ ತಾಲೀಮು ಮಾಡಿಸುತ್ತಾರೆ. ಭಯವನ್ನು ಬೈದು ಓಡಿಸಲಾಗುವುದಿಲ್ಲ. ಮತ್ತೆ ಮತ್ತೆ ಜೊತೆಗೆ ನಿಂತು ಅದನ್ನು ಕರಗಿಸಬೇಕಾಗುತ್ತದೆ.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಚಾಬೂಕಿಲ್ಲದೆ ಕುದುರೆ ನಡೆಯುವುದಿಲ್ಲ, ಪೆಟ್ಟಿಲ್ಲದೆ ವಿದ್ಯೆ ಬರುವುದಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಪೆಟ್ಟಿನಿಂದ ಕುದುರೆ ಓಡುತ್ತದೆ ಎಂಬುದು ನಿಜ. ಆದರೆ ಅದು ಪೆಟ್ಟಿನಿಂದ ದೂರಕ್ಕೆ ಓಡುತ್ತದೆಯೇ ಹೊರತು ನಾವು ಹೇಳಿದ ಕಡೆಗೆ ಅಲ್ಲ. ಬೆದರಿದ ಪ್ರಾಣಿಯ ಬುದ್ಧಿಯೆಲ್ಲ ಪಾರಾಗುವ ದಾರಿಯನ್ನು ಹುಡುಕುವುದರಲ್ಲಿ ತೊಡಗಿರುತ್ತದೆ. ಕಲಿಯಲು ಅಲ್ಲಿ ಎಡೆಯಿರುವುದಿಲ್ಲ. ಹಾಗೆಂದು ಮುದ್ದು ಮಾಡಿದರೆ ಸಾಕೆಂದು ನಾನು ಹೇಳುತ್ತಿಲ್ಲ. ರಾಣಿ ಕಚ್ಚಲು ಬಾಯಿ ತೆರೆದರೆ ಚಾಚಾ ಒಂದು ಗದರಿಕೆಯಿಂದ ಅದನ್ನು ತಡೆಯುತ್ತಿದ್ದರು. ಮರುಕ್ಷಣವೇ ಮರೆತು ಮೈ ಸವರುತ್ತಿದ್ದರು. ಸ್ಪಷ್ಟತೆ ಬೇರೆ, ಕ್ರೌರ್ಯ ಬೇರೆ. ಪ್ರಾಣಿಗಳಿಗೆ ಅನಗತ್ಯವಾಗಿ ನೋವು ಕೊಡುವುದನ್ನು ತಡೆಯಲು ನಮ್ಮ ದೇಶದಲ್ಲಿ 1960ರಲ್ಲಿಯೇ ಕಾಯಿದೆ ಬಂದಿದೆ. ಆದರೆ ಕಾಯಿದೆ ಕೈಯನ್ನು ತಡೆಯಬಲ್ಲದು, ಕಿವಿಯನ್ನು ತೆರೆಸಲಾರದು.

ಸವಾರಿ ಶ್ರೀಮಂತರ ವಿನೋದ, ಹಳ್ಳಿಯ ಮಕ್ಕಳಿಗೆ ಅದರಿಂದೇನು ಎಂಬುದು ಇನ್ನೊಂದು ಆಕ್ಷೇಪ. ನಗರದ ಸವಾರಿ ಶಾಲೆಗಳ ಶುಲ್ಕ ಬಡವರಿಗೆ ಎಟುಕುವುದಿಲ್ಲ, ನಿಜ. ಆದರೆ ಕುದುರೆಯನ್ನು ಚೆನ್ನಾಗಿ ಬಲ್ಲವರಲ್ಲಿ ಅನೇಕರು ಬಡವರೇ: ಟಾಂಗಾ ಹೊಡೆದವರು, ಲಾಯ ನೋಡಿಕೊಳ್ಳುವವರು, ಲಾಳ ಕಟ್ಟುವವರು. ಅಲ್ಲದೆ ಈ ಪಾಠಕ್ಕೆ ಕುದುರೆಯೇ ಆಗಬೇಕೆಂದಿಲ್ಲ. ತೊಗರಿಯ ಹೊಲದಲ್ಲಿ ಎತ್ತುಗಳನ್ನು ಬರಿಯ ಒಂದು ಹೂಂಕಾರದಿಂದ ತಿರುಗಿಸುವ ರೈತನಿಗೆ ಇದು ಗೊತ್ತು. ಕುದುರೆಯಿಲ್ಲದವರ ಮನೆಯಲ್ಲಿ ಆಡಿರಬಹುದು, ನಾಯಿಯಿರಬಹುದು, ಇನ್ನೂ ಮಾತು ಬಾರದ ತಂಗಿಯಿರಬಹುದು.

ಈಗ ನಾನು ಹೇಳಲು ಹಿಂಜರಿಯುವ, ಆದರೆ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಆಗ ನಾನು ಆ ಸೀಮೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನು. ಹಿಂದಿನ ವರ್ಷ ತಾಂಡಾದಿಂದ ಬರುತ್ತಿದ್ದ ಒಬ್ಬಳು ಹುಡುಗಿ ನನ್ನ ತರಗತಿಯಲ್ಲಿದ್ದಳು. ಮನೆಯಲ್ಲಿ ಲಂಬಾಣಿ ಆಡುವ ಆಕೆಗೆ ಗ್ರಾಂಥಿಕ ಕನ್ನಡ ಹೊಸದು. ನಾನು 'ಎದ್ದು ಓದು' ಎನ್ನುತ್ತಿದ್ದೆನು. ಮೊದಲ ಪದ ತಪ್ಪಿದೊಡನೆ 'ನಿಲ್ಲಿಸು' ಎನ್ನುತ್ತಿದ್ದೆನು. ತಿದ್ದಿ, ಮತ್ತೆ 'ಓದು' ಎನ್ನುತ್ತಿದ್ದೆನು. ಎರಡನೆಯ ಪದಕ್ಕೆ ಮತ್ತೆ ನಿಲ್ಲಿಸುತ್ತಿದ್ದೆನು. ತರಗತಿ ನಗುತ್ತಿತ್ತು. ಕೆಲವು ವಾರಗಳಲ್ಲಿ ಆಕೆ ಎದ್ದು ನಿಂತರೂ ಬಾಯಿ ತೆರೆಯದಾದಳು. ಆಮೇಲೆ ಶಾಲೆಗೇ ಬಾರದಾದಳು. ನಾನು ದಾಖಲೆ ಪುಸ್ತಕದಲ್ಲಿ 'ಕಲಿಕೆಯಲ್ಲಿ ಆಸಕ್ತಿ ಇಲ್ಲ' ಎಂದು ಬರೆದೆನು.

ಬೇವಿನ ಮರದ ಕೆಳಗೆ ಚಾಚಾ ಆಡಿದ ಮಾತು ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಹಿಮ್ಮಡಿಯಿಂದ ತಿವಿಯುತ್ತ ಲಗಾಮನ್ನು ಜಗ್ಗಿದ್ದು ರಾಣಿಯನ್ನು ಮಾತ್ರವಲ್ಲವೆಂದು ಅರಿವಾಯಿತು. ಮುಂದಿನ ಭಾನುವಾರ ತಾಂಡಾಕ್ಕೆ ಹೋದೆನು. ಹುಡುಗಿಯ ತಂದೆತಾಯಿಗಳು ಕೂಲಿಗಾಗಿ ದೂರದ ಊರಿಗೆ ಹೋಗಿದ್ದರು. ಆಕೆಯೂ ಅವರ ಜೊತೆಗೆ ಹೋಗಿದ್ದಳು. ಅಜ್ಜಿಯ ಬಳಿ ಉಳಿದಿದ್ದ ಅವಳ ತಮ್ಮ ನಮ್ಮ ಶಾಲೆಯಲ್ಲಿಯೇ ಇದ್ದನು. ಅವನು ನನ್ನ ತರಗತಿಗೆ ಬಂದಾಗ ನಾನು ಒಂದು ನಿಯಮ ಮಾಡಿಕೊಂಡೆನು: ವಾಕ್ಯ ಮುಗಿಯುವವರೆಗೆ ತಡೆಯಬಾರದು, ಅವನ ಮಾತಿನಲ್ಲಿ ಲಂಬಾಣಿ ಬೆರೆತರೂ ಮೊದಲು ಅರ್ಥಕ್ಕೆ ತಲೆದೂಗಬೇಕು, ತಿದ್ದುವುದಿದ್ದರೆ ಆಮೇಲೆ, ಒಂದು ಸಲಕ್ಕೆ ಒಂದೇ ತಪ್ಪು. ವರ್ಷದ ಕೊನೆಗೆ ಆ ಹುಡುಗ ಇಡೀ ತರಗತಿಗೆ ತಾಂಡಾದ ಹೋಳಿ ಹಬ್ಬವನ್ನು ಕನ್ನಡದಲ್ಲಿ ವರ್ಣಿಸಿದನು. ಅಕ್ಕನಿಗೆ ಸಲ್ಲಬೇಕಾಗಿದ್ದ ತಾಳ್ಮೆ ತಮ್ಮನಿಗೆ ಸಂದಿತು. ಅಕ್ಕ ಮರಳಿ ಬರಲಿಲ್ಲ.

ರಾಜ್ಯೋತ್ಸವದ ದಿನವೂ ಬಂದಿತು. ಕಿರೀಟ ಧರಿಸಿ, ರಿಕಾಪಿನಲ್ಲಿ ಕಾಲಿಟ್ಟು ನಾನು ರಾಣಿಯನ್ನೇರಿದೆನು. ಊರ ನಡುವೆ ಯಾರೋ ಪಟಾಕಿ ಹಚ್ಚಿದರು. ರಾಣಿ ಬೆಚ್ಚಿ ಅಡ್ಡಕ್ಕೆ ಜ಼ಿಗಿಯಿತು. ನನ್ನ ಕೈಗಳು ತಾವಾಗಿಯೇ ಲಗಾಮನ್ನು ಬಿಗಿದವು. ಪಕ್ಕದಲ್ಲಿ ನಡೆಯುತ್ತಿದ್ದ ಚಾಚಾ ಕುದುರೆಗೆ ಏನೂ ಹೇಳಲಿಲ್ಲ. ನನ್ನ ಕಡೆ ನೋಡಿ, "ಉಸಿರು ಬಿಡ್ರಿ ಮಾಸ್ತರ್ರೇ" ಎಂದರು. ಹಿಡಿದಿದ್ದ ಉಸಿರನ್ನು ಬಿಟ್ಟೆನು. ಭುಜ ಸಡಿಲವಾಯಿತು, ಕೈ ಮೆತ್ತಗಾಯಿತು. ನನ್ನ ಕೆಳಗೆ ರಾಣಿಯ ಕುತ್ತಿಗೆಯೂ ಮೆಲ್ಲಗೆ ತಗ್ಗಿತು. ಅದೂ ಒಂದು ದೀರ್ಘವಾದ ಉಸಿರನ್ನು ಬಿಟ್ಟಿತು. ನೋಡಿದವರು ಮಾಸ್ತರ ಕುದುರೆಯನ್ನು ಹತೋಟಿಗೆ ತಂದರೆಂದು ಹೊಗಳಿದರು. ಹತೋಟಿಗೆ ಬಂದದ್ದು ಯಾರೆಂಬುದು ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು.

ಈಗ ಚಾಚಾ ಇಲ್ಲ, ರಾಣಿಯೂ ಇಲ್ಲ. ಓಣಿಯಲ್ಲಿ ಗೊರಸಿನ ಸದ್ದು ಕೇಳುವುದಿಲ್ಲ. ನನ್ನ ಓದುಗರಾದ ನಿಮ್ಮಲ್ಲಿ ಬಹಳ ಮಂದಿಗೆ ಕುದುರೆಯನ್ನೇರುವ ಸಂದರ್ಭ ಒದಗಲಿಕ್ಕಿಲ್ಲ. ಆದರೆ ನಿಮ್ಮ ಮಾತನ್ನು ನಂಬಿ ನಡೆಯಬೇಕಾದ, ನಿಮಗಿಂತ ದುರ್ಬಲವಾದ, ತನ್ನ ಕಷ್ಟವನ್ನು ನಿಮ್ಮ ಭಾಷೆಯಲ್ಲಿ ಹೇಳಲಾರದ ಒಂದು ಜೀವ ಬಾಳಿನಲ್ಲಿ ನಿಮಗೆ ಎದುರಾಗದೆ ಇರುವುದಿಲ್ಲ. ಅದು ನಿಮ್ಮ ಮಾತನ್ನು ಕೇಳದೆ ನಿಂತುಬಿಟ್ಟಾಗ ಬರಲು ಮುರಿಯಲು ಕೈ ಚಾಚುವ ಮೊದಲು ಒಂದು ಗಳಿಗೆ ತಡೆದು, ನಾನು ಏಕಕಾಲಕ್ಕೆ ಎರಡು ಮಾತು ಹೇಳುತ್ತಿಲ್ಲವಷ್ಟೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಲಗಾಮು ಹಿಡಿದವನ ಮೊದಲ ಕರ್ತವ್ಯ ಅದು.